ವಾಹನದ ವ್ಯಾಕರಣ

ಕನ್ನಡ ಪಂಡಿತನೊಬ್ಬನು ಶಾಲೆಯ ಸ್ಮರಣ ಸಂಚಿಕೆಗೆ ಮೋಟಾರು ಕಾರಿನ ವಿಷಯವಾಗಿ ಲೇಖನ ಬರೆಯುವುದು ವಾಚಕರಿಗೆ ವಿಚಿತ್ರವೆನಿಸೀತು. ಕೇಶಿರಾಜನ ಸೂತ್ರಗಳನ್ನು ಬಿಟ್ಟು ಈತ ಗ್ಯಾರೇಜಿಗೇಕೆ ಹೋದನೆಂದು ಅಧ್ಯಾಪಕ ಮಿತ್ರರು ಕೇಳಿಯೂ ಕೇಳಿದರು. ನಮ್ಮ ಹಳೆಯ ವಿದ್ಯಾರ್ಥಿಗಳ ಸಮಾವೇಶದಂದು ನಡೆದ ಸಂಗತಿಯೇ ಅದಕ್ಕೆ ಕಾರಣ.

ಅಂದು ಹಳೆಯ ವಿದ್ಯಾರ್ಥಿಯೊಬ್ಬನು ತಾನೇ ಬಿಚ್ಚಿ, ಜೋಡಿಸಿ, ಮಾರ್ಪಡಿಸಿಕೊಂಡ ಕಾರಿನಲ್ಲಿ ಬಂದಿದ್ದನು. ವೇದಿಕೆಯ ಮೇಲೆ ಭಾಷಣ ನಡೆದಿರುವಾಗಲೇ ಎಂಟು, ಒಂಬತ್ತನೆಯ ತರಗತಿಯ ಹುಡುಗರು ಒಬ್ಬೊಬ್ಬರಾಗಿ ಎದ್ದುಹೋಗಿ ಆ ಕಾರನ್ನು ಸುತ್ತುವರಿದರು. ಮರುದಿನ ಅಧ್ಯಾಪಕರ ಕೊಠಡಿಯಲ್ಲಿ ಎರಡು ಪಕ್ಷಗಳಾದವು. ಇದು ಹಣದ ಮದ, ಇಂಥದನ್ನು ಹುಡುಗರ ಕಣ್ಣಿಗೆ ಬೀಳಿಸಬಾರದೆಂಬುದು ಒಂದು ಪಕ್ಷ. ಅವನಿಂದ ಹುಡುಗರಿಗೆ ಉಪನ್ಯಾಸ ಕೊಡಿಸಬೇಕೆಂಬುದು ಮತ್ತೊಂದು. ನಾನು ಮೊದಲನೆಯ ಪಕ್ಷದವನಾಗಿದ್ದೆ. ಅದಕ್ಕೊಂದು ಹಳೆಯ ಕಾರಣವೂ ಇತ್ತು. ಷಟ್ಪದಿಗೆ ಪ್ರಸ್ತಾರ ಹಾಕಲು ಬಾರದ ಈ ಹುಡುಗನನ್ನು ಹಿಂದಿನ ಸಾಲಿಗೆ ಕಳುಹಿಸಿದವನು ನಾನೇ. ಎಲ್ಲರೆದುರು ದಡ್ಡನೆಂದು ಕರೆದವನೂ ನಾನೇ. ಅವನು ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ, ಒಂದು ರವಿವಾರ ಮನೆಗೆ ಬಂದು ನನ್ನನ್ನು ತನ್ನ ಶೆಡ್ಡಿಗೆ ಕರೆದೊಯ್ದನು.

ಅವನದು ಫೋಕ್ಸ್‌ವ್ಯಾಗನ್ ಪೋಲೊ ಜಿ.ಟಿ. ಟಿ.ಎಸ್.ಐ. ಪುಣೆಯ ಸಮೀಪದ ಚಾಕಣದಲ್ಲಿ ತಯಾರಾಗಿ 2013ರಲ್ಲಿ ಪೇಟೆಗೆ ಬಂದ ಮಾದರಿ. 2022ರಲ್ಲಿ ನಮ್ಮ ದೇಶದಲ್ಲಿ ಪೋಲೊ ತಯಾರಿಕೆಯೇ ನಿಂತಿತು. ಎಂಜಿನ್ನಿನ ಗಾತ್ರ 1.2 ಲೀಟರ್ ಮಾತ್ರ, ಬಲವಾದರೋ ಸುಮಾರು 105 ಅಶ್ವಶಕ್ತಿ. ಈ ಆಧಿಕ್ಯಕ್ಕೆ ಕಾರಣ ಟರ್ಬೋ ಎಂಬ ಪುಟ್ಟ ಯಂತ್ರ. ಎಂಜಿನ್ನಿನಿಂದ ಹೊರಬೀಳುವ ಸುಡುಹೊಗೆಯ ದಾರಿಯಲ್ಲಿ ಒಂದು ಚಕ್ರವನ್ನಿಟ್ಟರೆ ಹೊಗೆಯ ರಭಸಕ್ಕೆ ಅದು ತಿರುಗುತ್ತದೆ. ಅದೇ ದಂಡದ ಮತ್ತೊಂದು ತುದಿಯ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಒತ್ತಿದ ಗಾಳಿ ಬಿಸಿಯಾಗುವುದರಿಂದ ಅದನ್ನು ಇಂಟರ್‌ಕೂಲರಿನಲ್ಲಿ ತಣಿಸುತ್ತಾರೆ. ಹೆಚ್ಚು ಗಾಳಿ, ಅದಕ್ಕೆ ತಕ್ಕಷ್ಟು ಪೆಟ್ರೋಲು, ಅದರಿಂದ ಹೆಚ್ಚು ಬಲ. ವ್ಯರ್ಥವಾಗಿ ಹೋಗುವುದನ್ನು ಸಾರ್ಥಕಗೊಳಿಸುವ ಈ ಉಪಾಯಕ್ಕೆ ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರನು 1905ರಲ್ಲಿಯೇ ಪೇಟೆಂಟ್ ಪಡೆದಿದ್ದನು.

ಇಂಥ ಕಾರನ್ನು ಮಾರ್ಪಡಿಸುವುದೆಂದರೇನು ಎಂದು ಕೇಳಿದೆ. ಅವನು ವಿವರಿಸುತ್ತ ಹೋದಂತೆ ನನಗೆ ನನ್ನ ಶಾಸ್ತ್ರವೇ ನೆನಪಾಯಿತು. ಇಲ್ಲದ್ದನ್ನು ತರುವುದು ಆಗಮ. ಒಂದರ ಸ್ಥಾನದಲ್ಲಿ ಮತ್ತೊಂದನ್ನು ಇಡುವುದು ಆದೇಶ. ಇದ್ದುದನ್ನು ತೆಗೆಯುವುದು ಲೋಪ. ಎಣ್ಣೆಯ ಉಷ್ಣತೆ ತೋರುವ ಮೀಟರು ಕೂಡಿಸಿದರೆ ಆಗಮವಾಯಿತು. ಸವೆದ ಬ್ರೇಕ್ ಪ್ಯಾಡಿನ ಬದಲು ಉತ್ತಮವಾದುದನ್ನು ಹಾಕಿದರೆ ಆದೇಶವಾಯಿತು. ಹೊಗೆಯ ವಿಷಾಂಶವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಿತ್ತು ಬಿಸಾಡಿದರೆ ಅದು ಲೋಪ. ಆದರೆ ಅರ್ಥ ಕೆಡದಿದ್ದಲ್ಲಿ ಮಾತ್ರ ಲೋಪ ಮಾಡಬೇಕೆಂಬುದು ವ್ಯಾಕರಣದ ಕಟ್ಟಳೆ. ‘ಮನೆ’ಗೆ ‘ಅನ್ನು’ ಸೇರುವಾಗ ಎಕಾರವನ್ನು ಲೋಪ ಮಾಡಿದರೆ ಮನೆಯೇ ಉಳಿಯುವುದಿಲ್ಲ. ಆದುದರಿಂದಲೇ ಅಲ್ಲಿ ಯಕಾರವು ಆಗಮವಾಗಿ ಬರುತ್ತದೆ. ಕಾರಿನ ಅರ್ಥವಾದರೂ ಏನು? ಒಳಗಿರುವವರೂ ದಾರಿಯಲ್ಲಿರುವವರೂ ಕ್ಷೇಮವಾಗಿ ಮನೆ ಸೇರುವುದೇ ಅಲ್ಲವೇ? ಅದನ್ನು ಕೆಡಿಸುವ ಮಾರ್ಪಾಡು ಎಷ್ಟೇ ಚತುರವಾಗಿರಲಿ, ಅಪಶಬ್ದಕ್ಕೆ ಸಮಾನ.

ಅವನೂ ಮೊದಲ ವರ್ಷ ಆ ದಾರಿಯಲ್ಲೇ ನಡೆದನಂತೆ. ಸದ್ದಿನ ಆಸೆಗೆ ಸೈಲೆನ್ಸರ್ ಬದಲಿಸಿದ್ದನು. ಎಂಜಿನ್ನನ್ನು ಆಳುವ ಗಣಕದ ಲೆಕ್ಕಗಳನ್ನು ತಿದ್ದಿಸಿ ಬಲ ಏರಿಸಿದ್ದನು. ಒಂದು ರಾತ್ರಿ ಓಣಿಯೊಳಗೆ ಬಂದಾಗ, ಹಾಸಿಗೆ ಹಿಡಿದಿದ್ದ ನೆರೆಮನೆಯ ಅಜ್ಜಿ ಆ ಸದ್ದಿಗೆ ಬೆಚ್ಚಿ ಎದ್ದು ಕುಳಿತಳು. ಅವನ ತಾಯಿ ಒಂದು ಮಾತನ್ನೂ ಆಡದೆ ಆ ಮನೆಗೆ ಹೋಗಿ ಬೆಳಗಿನವರೆಗೆ ಕುಳಿತುಬಂದರು. ಮರುದಿನವೇ ಹಳೆಯ ಸೈಲೆನ್ಸರ್ ಮರಳಿ ಬಂತು.

ಕಾನೂನು ತಿಳಿದದ್ದು ಅನಂತರ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ಮಾಲಿಕನು ವಾಹನವನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ನಿಷಿದ್ಧ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆ, ಅಥವಾ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಿದೆ. ಅವನು ಗಣಕದ ಲೆಕ್ಕಗಳನ್ನೂ ಮೂಲಸ್ಥಿತಿಗೆ ತಂದನು. ಹಾಗಾದರೆ ಹವ್ಯಾಸದಲ್ಲಿ ಉಳಿದದ್ದೇನು? ಉಳಿದದ್ದು ಪಾಲನೆ, ಹವ್ಯಾಸದ ತಿರುಳೂ ಅದೇ ಎಂಬುದು ನನ್ನ ಅಭಿಪ್ರಾಯ.

ಟರ್ಬೋದ ದಂಡವು ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ. ಅದನ್ನು ಕಾಯುವುದು ಎಣ್ಣೆಯ ತೆಳುವಾದ ಪದರ ಮಾತ್ರ. ಎಣ್ಣೆ ಹಳತಾದರೆ, ಕಡಿಮೆಯಾದರೆ, ಹೊಲಸಾದರೆ ಯಂತ್ರ ಕೆಟ್ಟಿತು. ಅಂದು ಹೆದ್ದಾರಿಯಿಂದ ಶೆಡ್ಡಿಗೆ ಬಂದ ಮೇಲೂ ಅವನು ಎಂಜಿನ್ನನ್ನು ಒಡನೆ ನಿಲ್ಲಿಸಲಿಲ್ಲ. ಏಕೆಂದು ಕೇಳಿದ್ದಕ್ಕೆ, “ಗುರುಗಳ, ಓಡಿ ಬಂದ ಎತ್ತಿಗೆ ಒಮ್ಮೆಲೇ ನೀರ ಕುಡಸಬಾರದ ಅಂತಾರಲ್ಲರಿ, ಹಂಗ ಇದು. ಒಂದೆರಡ ನಿಮಿಷ ತಣ್ಣಗಾಗಲಿ” ಎಂದನು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಡುವ ಹಿಂದಿನ ರಾತ್ರಿ ನಮ್ಮ ತಂದೆ ಕಂದೀಲು ಹಿಡಿದು ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದುದು ನನ್ನ ಕಣ್ಣ ಮುಂದೆ ಬಂತು.

ಪಾಲನೆಯಿಲ್ಲದ ಬಲದ ಗತಿಗೆ ಅಮೆರಿಕದ ಒಂದು ದೃಷ್ಟಾಂತವಿದೆ. 1962ರಲ್ಲಿ ಓಲ್ಡ್ಸ್‌ಮೊಬೈಲ್ ಕಂಪನಿಯು ಜೆಟ್‌ಫೈರ್ ಎಂಬ ಟರ್ಬೋ ಕಾರನ್ನು ಹೊರತಂದಿತು. ಅದರ ಎಂಜಿನ್ನಿಗೆ ನೀರು, ಮೆಥನಾಲ್ ಬೆರೆಸಿದ ದ್ರವವನ್ನು ಆಗಾಗ ತುಂಬಬೇಕಿತ್ತು. ಹಲವು ಮಾಲಿಕರು ತುಂಬಲಿಲ್ಲ. 1963ಕ್ಕೆ ಆ ಮಾದರಿ ನಿಂತಿತು. ಎಷ್ಟೋ ಕಾರುಗಳಿಂದ ಟರ್ಬೋವನ್ನೇ ತೆಗೆಸಿದರು. ಬಲವನ್ನು ಕೊಂಡುಕೊಳ್ಳಬಹುದು, ನಿಷ್ಠೆಯನ್ನು ಕೊಂಡುಕೊಳ್ಳಲಾಗದು.

ಶೆಡ್ಡಿನ ಗೋಡೆಗೆ ಪಾನಾಗಳ ಸಾಲಿನ ಪಕ್ಕದಲ್ಲಿ ಒಂದು ನೋಟುಬುಕ್ಕು ತೂಗುತ್ತಿತ್ತು. ತಾರೀಖು, ಓಡಿದ ಕಿಲೋಮೀಟರು, ಕಂಡ ದೋಷ, ಅದರ ಕಾರಣ, ಮಾಡಿದ ಪರಿಹಾರ—ಎಲ್ಲವೂ ಕನ್ನಡದಲ್ಲಿ, ನನಗೆ ಪರಿಚಿತವಾದ ಅದೇ ಓರೆ ಅಕ್ಷರಗಳಲ್ಲಿ. ಊಹೆಯನ್ನು ಊಹೆಯೆಂದೇ ಬರೆದಿದ್ದನು. ತಪ್ಪಿದಲ್ಲಿ ಅಳಿಸದೆ ತಿದ್ದಿದ್ದನು. ನನ್ನ ತರಗತಿಯಲ್ಲಿ ಅವನು ಬರೆದ ಯಾವ ಪ್ರಬಂಧದಲ್ಲಿಯೂ ಇಷ್ಟು ಖಚಿತವಾದ ಗದ್ಯವಿರಲಿಲ್ಲ. ಹುಡುಗನು ದಡ್ಡನಾಗಿರಲಿಲ್ಲ, ಅವನ ಕೈಗಳಿಗೆ ನಾವು ಕೆಲಸ ಕೊಟ್ಟಿರಲಿಲ್ಲ.

ಇಷ್ಟಾದರೂ ನನ್ನ ಆಕ್ಷೇಪವೊಂದು ಹಾಗೆಯೇ ಉಳಿದಿದೆ. ನಮ್ಮೂರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿನ ಊರು. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಕ್ಕರೆ ಕಾರ್ಖಾನೆಯತ್ತ ಕತ್ತಲೆಯಲ್ಲಿ ಸಾಗುತ್ತವೆ. ಗಂಗಾಂಬಿಕೆಯ ಐಕ್ಯಮಂಟಪದ ದರ್ಶನಕ್ಕೆ ಬಂದವರು ಮಕ್ಕಳ ಕೈಹಿಡಿದು ರಸ್ತೆ ದಾಟುತ್ತಾರೆ. ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದ ಮೇಲೆ ಕಾರು ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ. ವೇಗದ ಪರೀಕ್ಷೆ ಬೇಕಾದವರಿಗೆ ಕೊಯಮತ್ತೂರಿನಲ್ಲಿಯೂ ಚೆನ್ನೈ ಸಮೀಪದಲ್ಲಿಯೂ ಅದಕ್ಕೆಂದೇ ಕಟ್ಟಿದ ಪಥಗಳಿವೆ. ಹೆದ್ದಾರಿ ಎಲ್ಲರದು, ಅಲ್ಲಿ ಪಂದ್ಯ ಕಟ್ಟುವುದು ಹವ್ಯಾಸವಲ್ಲ, ಅಪರಾಧ.

ಆದುದರಿಂದ ಎರಡೂ ಪಕ್ಷದ ಮಿತ್ರರಿಗೆ ನನ್ನ ಬಿನ್ನಹವಿಷ್ಟು. ಕಾರಿನ ಬಳಿಗೆ ಎದ್ದುಹೋದ ಹುಡುಗರನ್ನು ಗದರಿಸುವುದೂ ಬೇಡ, ಅವರಿಗೆ ಬರಿಯ ವೇಗದ ವರ್ಣನೆ ಕೇಳಿಸುವುದೂ ಬೇಡ. ಶಾಲೆಯ ಹಿತ್ತಲಿನಲ್ಲಿ ಒಂದು ತಗಡಿನ ಶೆಡ್ಡು, ಬಿಚ್ಚಿ ಜೋಡಿಸಲು ಒಂದು ಹಳೆಯ ಎಂಜಿನ್, ಒಂದು ಸೆಟ್ ಪಾನಾ, ಪ್ರತಿಯೊಬ್ಬ ಹುಡುಗನಿಗೂ ಒಂದೊಂದು ನೋಟುಬುಕ್ಕು ಸಾಕು. ಪ್ರತಿ ಶನಿವಾರ ಬಂದು ಕಲಿಸಲು ನಮ್ಮ ಹಳೆಯ ವಿದ್ಯಾರ್ಥಿ ಒಪ್ಪಿದ್ದಾನೆ. ದಾನಿಗಳು ಈ ವರ್ಷ ಕಟ್ಟಿಸಬೇಕೆಂದಿರುವ ಎರಡನೆಯ ಮಹಾದ್ವಾರದ ಬದಲು ಈ ಶೆಡ್ಡನ್ನು ಕಟ್ಟಿಸಿಕೊಡಲಿ. ಹೆಸರಿನ ಕಲ್ಲನ್ನು ಅದರ ಗೋಡೆಗೂ ಕೂಡಿಸಬಹುದು. ಮೊದಲ ದಿನ ಹಿಂದಿನ ಸಾಲಿನಲ್ಲಿ ವಿದ್ಯಾರ್ಥಿಯಾಗಿ ಕುಳಿತುಕೊಳ್ಳಲು ಈ ಪಂಡಿತನೂ ಸಿದ್ಧನಿದ್ದಾನೆ.