ಬಾಣಂತಿಯ ಬೆನ್ನು ಹತ್ತುವುದೇಕೆ?

ಏಪ್ರಿಲ್ ಬಂತೆಂದರೆ ಹವಾಯಿಯ ಮಾವಿ ದ್ವೀಪದ ಕಡಲಲ್ಲಿ ಗೂನುಬೆನ್ನಿನ ತಿಮಿಂಗಿಲಗಳ ಕಾಲ ಮುಗಿಯುತ್ತ ಬರುತ್ತದೆ. ಬಹುಪಾಲು ಅಲಾಸ್ಕದತ್ತ ಹೊರಟುಬಿಟ್ಟಿರುತ್ತವೆ. ಕಡೆಗೆ ಉಳಿಯುವವು ಹೆಚ್ಚಾಗಿ ಎಳೆಮರಿಗಳ ತಾಯಂದಿರು. ಅಲ್ಲಿರುವಷ್ಟು ದಿನವೂ ಬಾಣಂತಿಗೆ ಹೆಚ್ಚುಕಡಿಮೆ ಉಪವಾಸ. ಮೈಕೊಬ್ಬು ಕರಗಿಸಿಯೇ ಹಾಲೂಡಿಸಬೇಕು, ಆಮೇಲೆ ಸುಮಾರು 4,500 ಕಿಲೋಮೀಟರ್ ಈಜಬೇಕು. ಇಂಥವಳ ಹಿಂದೆ ಪ್ರವಾಸಿ ದೋಣಿಗಳ ಮೆರವಣಿಗೆ! ತಿಮಿಂಗಿಲ ಕಾಣದಿದ್ದರೆ ಮತ್ತೊಂದು ಸವಾರಿ ಪುಕ್ಕಟೆ ಎಂದು ಕೆಲವು ದೋಣಿಯವರು ಮಾತು ಕೊಟ್ಟಿರುತ್ತಾರಲ್ಲ, ಹುಡುಕದೆ ವಿಧಿಯಿಲ್ಲ. 100 ಗಜ ದೂರವಿರಬೇಕೆಂಬ ಕಾನೂನಿದೆ, ನಿಜ. ಫೆಬ್ರವರಿಯ ಜಾತ್ರೆಯಲ್ಲಿ ಅದು ಸಾಕಾದೀತು. ಏಪ್ರಿಲಿನಲ್ಲಿ ಎಲ್ಲರ ಕಣ್ಣೂ ಉಳಿದ ಕೆಲವೇ ತಾಯಿ-ಮರಿಗಳ ಮೇಲೆ. ದೋಣಿ ವಿಹಾರದಿಂದಲೇ ಜನರಿಗೆ ತಿಮಿಂಗಿಲದ ಮೇಲೆ ಅಕ್ಕರೆ ಹುಟ್ಟಿತೆನ್ನುತ್ತಾರೆ, ಒಪ್ಪೋಣ. ಹಾಗಾದರೆ ಮಾರ್ಚ್ ಮುಗಿಯುತ್ತಲೇ ಲಂಗರು ಹಾಕಲಿ. ಡಿಸೆಂಬರಿಗೆ ತಿಮಿಂಗಿಲಗಳೂ ಬರುತ್ತವೆ, ಟಿಕೀಟಿನ ದುಡ್ಡೂ ಬರುತ್ತದೆ.