ಅತಿಥಿಗೆ ಅನ್ನವಿಟ್ಟ ನಾಡು



ಈಚೆಗೆ ಒಬ್ಬ ಭಕ್ತರ ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ಆ ಮನೆಯ ಏಳೆಂಟು ವರ್ಷದ ಬಾಲಕ ತಟ್ಟೆಯಲ್ಲಿ ಅರ್ಧ ಅನ್ನವನ್ನು ಉಳಿಸಿ ಏಳಹೊರಟಾಗ ಅವನ ಅಜ್ಜಿ, "ಹಿಂಗ ಅನ್ನ ಬಿಟ್ರ ಸೋಮಾಲಿಯಾದ ಹುಡುಗರಂಗ ಆಗ್ತಿ ನೋಡು" ಎಂದು ಗದರಿಸಿದರು. ಅನ್ನವನ್ನು ಕೆಡಿಸಬಾರದೆಂಬ ಅವರ ಮಾತು ನೂರಕ್ಕೆ ನೂರು ಸರಿಯಾದುದು. ಬಾಲಕನು ಮತ್ತೆ ಕುಳಿತು ಉಂಡನು. ಉಂಡಾದ ಮೇಲೆ ನಮ್ಮ ಬಳಿಗೆ ಬಂದು, "ಅಜ್ಜಾರ, ಅಲ್ಲಿ ಮಂದಿ ಯಾವಾಗ್ಲೂ ಉಪವಾಸನ ಇದ್ರೇನ್ರಿ?" ಎಂದು ಕೇಳಿದನು.

ನಾವು ಒಡನೆ ಉತ್ತರ ಕೊಡಲಿಲ್ಲ. ನಮ್ಮ ತಲೆಮಾರಿನವರಿಗೆ ಸೋಮಾಲಿಯ ಎಂದೊಡನೆ ನೆನಪಾಗುವುದು 1992ರ ಕ್ಷಾಮದ ಚಿತ್ರಗಳು. ನಮಗಿಂತ ಕಿರಿಯರಿಗೆ ನೆನಪಾಗುವುದು 2008ರಿಂದೀಚೆಗೆ ಪತ್ರಿಕೆಗಳಲ್ಲಿ ಬಂದ ಕಡಲುಗಳ್ಳರ ಸುದ್ದಿ. ಇವೆರಡೂ ಸುಳ್ಳಲ್ಲ. ಆದರೆ ಜ್ವರದಿಂದ ಮಲಗಿದ ದಿನ ಒಬ್ಬನನ್ನು ನೋಡಿಬಂದವನು, ಅವನು ಹುಟ್ಟಿನಿಂದಲೇ ರೋಗಿ ಎಂದು ಊರಲ್ಲೆಲ್ಲ ಹೇಳಿದರೆ ಅದು ನ್ಯಾಯವಾಗದು. ಒಂದು ಜನಾಂಗವನ್ನು ಅದರ ಆಪತ್ಕಾಲದಿಂದ ಮಾತ್ರ ಅಳೆಯುವುದೂ ಹಾಗೆಯೇ. ಆ ಮಗುವಿನ ಪ್ರಶ್ನೆಗೆ ಉತ್ತರವಾಗಿ ಸೋಮಾಲಿ ಜನರ ಹಳೆಯ ಕಥೆಯನ್ನು ಈ ತಿಂಗಳು ಸಂಕ್ಷೇಪವಾಗಿ ಹೇಳಬಯಸುತ್ತೇವೆ.

ಆಫ್ರಿಕ ಖಂಡದ ಪೂರ್ವಭಾಗವು ಸಮುದ್ರದೊಳಗೆ ಕೊಂಬಿನಂತೆ ಚಾಚಿಕೊಂಡಿರುವುದನ್ನು ಭೂಪಟದಲ್ಲಿ ಕಾಣಬಹುದು. ಅದನ್ನು ಆಫ್ರಿಕದ ಕೊಂಬು ಎಂದೇ ಕರೆಯುತ್ತಾರೆ. ಅಲ್ಲಿ ಮಳೆ ಕಡಮೆ, ಬಯಲು ವಿಶಾಲ. ಇಥಿಯೋಪಿಯದ ಮಲೆನಾಡಿನಿಂದ ಇಳಿದುಬರುವ ಜುಬ್ಬ ಮತ್ತು ಶೆಬೆಲೆ ಎಂಬ ಎರಡು ನದಿಗಳ ನಡುವೆ ಮಾತ್ರ ಬೇಸಾಯಕ್ಕೆ ಒಳ್ಳೆಯ ನೆಲವಿದೆ. ಉಳಿದೆಡೆ ಒಂಟೆ, ಆಡು, ಕುರಿಗಳೇ ಸಂಪತ್ತು, ಬಾವಿಯೇ ಜೀವ. ಹರ್ಗೇಸ ನಗರದ ಸಮೀಪದಲ್ಲಿ ಲಾಸ್ ಗೇಲ್ ಎಂಬ ಬಂಡೆಗಳ ತಾಣವಿದೆ. ಒಂಟೆಗಳಿಗೆ ನೀರು ದೊರೆಯುವ ಜಾಗ ಎಂದು ಆ ಹೆಸರಿನ ಅರ್ಥ. ಅಲ್ಲಿ ಸಾವಿರಾರು ವರ್ಷಗಳ ಹಿಂದೆ ಬರೆದ ಹಸುಗಳ ಚಿತ್ರಗಳಿವೆ. ಹಸುಗಳ ಕೊರಳನ್ನು ಬಣ್ಣದ ಗೆರೆಗಳಿಂದ ಸಿಂಗರಿಸಲಾಗಿದೆ. ಬಳಿಯಲ್ಲಿ ಮನುಷ್ಯರು ಕೈಗಳನ್ನು ಮೇಲೆತ್ತಿ ನಿಂತಿದ್ದಾರೆ. ಸುತ್ತಲಿನ ದನಗಾಹಿಗಳು ಬಲ್ಲ ಈ ಚಿತ್ರಗಳು ಹೊರಜಗತ್ತಿಗೆ ತಿಳಿದುದು 2002ರಲ್ಲಿ ಫ್ರಾನ್ಸಿನ ಪುರಾತತ್ತ್ವಜ್ಞರು ಅಲ್ಲಿಗೆ ಹೋದ ಮೇಲೆ.

ಸೋಮಾಲಿಗಳ ಮೂಲದ ಬಗೆಗೆ ಎರಡು ಮಾತುಗಳಿವೆ. ಅವರ ವಂಶಾವಳಿಗಳು ಅರಬ ದೇಶದಿಂದ ಬಂದ ಧರ್ಮಗುರುಗಳನ್ನು ಮೂಲಪುರುಷರೆಂದು ಹೇಳುತ್ತವೆ. ಭಾಷಾಶಾಸ್ತ್ರಜ್ಞರು ಹೇಳುವುದು ಬೇರೆ. ಸೋಮಾಲಿ ಭಾಷೆ ಕುಶೀಯ ಶಾಖೆಗೆ ಸೇರಿದುದು. ನೆರೆಯ ಒರೊಮೊ, ಅಫಾರ್ ಭಾಷೆಗಳ ಒಡಹುಟ್ಟು. ಅದರ ಹತ್ತಿರದ ಬಂಧುಭಾಷೆಗಳು ದಕ್ಷಿಣ ಇಥಿಯೋಪಿಯ ಮತ್ತು ಉತ್ತರ ಕೀನ್ಯದ ಕಡೆ ಇರುವುದರಿಂದ ಈ ಜನ ಆ ಸೀಮೆಯಿಂದಲೇ ಹರಡಿದವರೆಂದು ಹಲವು ವಿದ್ವಾಂಸರು ತೀರ್ಮಾನಿಸಿದ್ದಾರೆ. ಅಂದರೆ ಅವರು ಎಲ್ಲಿಂದಲೋ ವಲಸೆ ಬಂದವರಲ್ಲ, ಆ ನೆಲದ ಮಕ್ಕಳೇ. ಧರ್ಮವು ಕಡಲು ದಾಟಿ ಬಂದಿತು. ಅದರೊಡನೆ ಕೆಲವು ಅರಬ ಮನೆತನಗಳೂ ಬಂದು ಅವರಲ್ಲಿ ಬೆರೆತವು.

ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ ಪೆರಿಪ್ಲಸ್ ಎಂಬ ನಾವಿಕರ ಕೈಪಿಡಿಯ ಹೆಸರನ್ನು ಶಾಲೆಯ ಚರಿತ್ರೆಯ ಪಾಠದಲ್ಲಿ ಕೇಳಿರುತ್ತೀರಿ. ಅದರಲ್ಲಿ ಈ ತೀರದ ಬಂದರುಗಳ ವಿವರವಿದೆ. ಇಂದಿನ ಬರ್ಬೆರ ಪಟ್ಟಣವನ್ನು ಅದು ಮಲಾವೊ ಎಂದು ಕರೆಯುತ್ತದೆ. ಅಲ್ಲಿಂದ ಹೊರಗೆ ಹೋಗುತ್ತಿದ್ದ ಮುಖ್ಯ ಸರಕುಗಳು ಗಿಡಗಳಿಂದ ಒಸರುವ ಧೂಪದ ಅಂಟು ಮತ್ತು ಬೋಳ. ಭರೂಚ್ ಮೊದಲಾದ ನಮ್ಮ ಪಶ್ಚಿಮ ತೀರದ ಕಡೆಯಿಂದ ಅಲ್ಲಿಗೆ ಹೋಗುತ್ತಿದ್ದುವು ಗೋಧಿ, ಅಕ್ಕಿ, ತುಪ್ಪ, ಎಳ್ಳೆಣ್ಣೆ, ಹತ್ತಿಬಟ್ಟೆ ಮತ್ತು ಕಬ್ಬಿನ ಸಿಹಿ. ಎರಡು ಸಾವಿರ ವರ್ಷಗಳ ಹಿಂದೆಯೇ ಭಾರತದ ತುಪ್ಪ ಅವರ ಊಟಕ್ಕೂ, ಅವರ ಧೂಪ ದೂರದೂರದ ದೇವಾಲಯಗಳಿಗೂ ಸಲ್ಲುತ್ತಿದ್ದಿತು. ಆ ಗ್ರಂಥಕಾರನು ಇನ್ನೊಂದು ಸಂಗತಿಯನ್ನೂ ದಾಖಲಿಸಿದ್ದಾನೆ. ಈ ನಾಡಿಗೆ ಒಬ್ಬ ಅರಸನಿಲ್ಲ; ಒಂದೊಂದು ಬಂದರಿಗೂ ಒಬ್ಬೊಬ್ಬ ಒಡೆಯನಿದ್ದಾನೆ. ಮುಂದಿನ ಚರಿತ್ರೆಯನ್ನು ತಿಳಿಯಲು ಈ ಮಾತನ್ನು ನೆನಪಿನಲ್ಲಿಡಬೇಕು.

ಇಸ್ಲಾಂ ಧರ್ಮ ಈ ತೀರಕ್ಕೆ ಬಹಳ ಬೇಗ ಬಂದಿತು. ಉತ್ತರದ ಝೈಲ, ದಕ್ಷಿಣದ ಮೊಗದಿಶು ಹಾಗೂ ಬರಾವೆ ದೊಡ್ಡ ಪೇಟೆಗಳಾದುವು. ಮೊಗದಿಶುವಿನ ಹಳೆಯ ಜಾಮಿ ಮಸೀದಿಯಲ್ಲಿ 1238ನೆಯ ಇಸವಿಗೆ ಸರಿಹೊಂದುವ ಶಾಸನವಿದೆ. ಫಕ್ರುದ್ದೀನ್ ಮಸೀದಿ 1269ರದು. 1331ರಲ್ಲಿ ಮೊರೊಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತ ಅಲ್ಲಿಗೆ ಬಂದನು. ಇವನೇ ಮುಂದೆ ನಮ್ಮ ಹೊನ್ನಾವರಕ್ಕೂ ಬಂದು ಅಲ್ಲಿಯ ಸುಲ್ತಾನನ ಆಶ್ರಯದಲ್ಲಿದ್ದವನು. ಅವನು ಮುಖಸ್ತುತಿ ಮಾಡುವವನಲ್ಲ. ಝೈಲ ಪಟ್ಟಣದ ದುರ್ವಾಸನೆಯನ್ನು ತಾಳಲಾರದೆ ಹಡಗಿನಲ್ಲಿಯೇ ರಾತ್ರಿ ಕಳೆದೆನೆಂದು ನೇರವಾಗಿ ಬರೆದಿದ್ದಾನೆ. ಅಂಥವನು ಮೊಗದಿಶುವಿನ ಬಗೆಗೆ ಹೇಳಿರುವುದನ್ನು ಕೇಳಿ.

ಹಡಗು ಬಂದರನ್ನು ಸಮೀಪಿಸಿದೊಡನೆ ಊರಿನ ತರುಣರು ಚಿಕ್ಕ ದೋಣಿಗಳಲ್ಲಿ ಎದುರು ಬರುವರು. ಒಬ್ಬೊಬ್ಬನ ಕೈಯಲ್ಲಿಯೂ ಮುಚ್ಚಿದ ಊಟದ ತಟ್ಟೆ. ಹಡಗಿನಲ್ಲಿರುವ ಒಬ್ಬೊಬ್ಬ ವ್ಯಾಪಾರಿಗೆ ಅದನ್ನು ಕೊಟ್ಟು, ಇವನು ನನ್ನ ಅತಿಥಿ ಎಂದು ಸಾರುವರು. ಆ ವ್ಯಾಪಾರಿ ಅವನ ಮನೆಯಲ್ಲಿಯೇ ಇಳಿದುಕೊಳ್ಳಬೇಕು. ಅವನಿಗಾಗಿ ಕೊಳ್ಳುವುದು, ಮಾರುವುದು ಎಲ್ಲವೂ ಮನೆಯೊಡೆಯನ ಹೊಣೆ. ಪರದೇಶಿಯೆಂದು ತಿಳಿದು ಯಾರಾದರೂ ಅತಿ ಕಡಮೆ ಬೆಲೆಗೆ ಅವನಿಂದ ಕೊಂಡರೆ ಅಥವಾ ಮನೆಯೊಡೆಯನಿಲ್ಲದಾಗ ಅವನಿಗೆ ಏನನ್ನಾದರೂ ಮಾರಿದರೆ ಆ ವ್ಯಾಪಾರ ಸಲ್ಲದು. ಬಂದವನು ವಿದ್ವಾಂಸನಾದರೆ ಅವನನ್ನು ಮೊದಲು ಸುಲ್ತಾನನ ಬಳಿಗೆ ಕರೆದೊಯ್ಯುವುದು ಅಲ್ಲಿಯ ಪದ್ಧತಿ. ಇಬ್ನ್ ಬತೂತನಿಗೆ ಅರಮನೆಯಿಂದ ಮೊದಲು ಬಂದುದು ಏನೆಂದು ಬಲ್ಲಿರಾ? ವೀಳೆಯದೆಲೆ ಮತ್ತು ಅಡಕೆ! ಎಣಿಸಿ ಹತ್ತು ಎಲೆಗಳನ್ನು ಅವನ ಕೈಗಿಟ್ಟರಂತೆ. ಬಳಿಕ ತುಪ್ಪ ಹಾಕಿ ಬೇಯಿಸಿದ ಅನ್ನ, ಮೇಲೆ ಮಾಂಸ, ಮೀನು, ತರಕಾರಿಗಳ ಮೇಲೋಗರ, ಹಾಲಿನಲ್ಲಿ ಬೇಯಿಸಿದ ಬಾಳೆಕಾಯಿ, ಮೊಸರು, ನಿಂಬೆಯ ಉಪ್ಪಿನಕಾಯಿ, ಹಸಿಶುಂಠಿ, ಮಾವು. ಮಾಂಸ ಮೀನುಗಳನ್ನು ಬಿಟ್ಟರೆ ಉಳಿದುದು ನಮ್ಮ ಹಬ್ಬದ ಎಲೆಯಂತೆಯೇ ಇದೆಯಲ್ಲವೆ?

ಅಲ್ಲಿಯ ಆಡಳಿತವನ್ನೂ ಅವನು ಗಮನಿಸಿದ್ದಾನೆ. ಸುಲ್ತಾನನು ಆಡುತ್ತಿದ್ದುದು ಆ ಊರಿನ ಭಾಷೆಯನ್ನು. ಅರಬ್ಬೀ ಭಾಷೆಯನ್ನೂ ಬಲ್ಲವನಾಗಿದ್ದನು. ಧರ್ಮಶಾಸ್ತ್ರದ ವ್ಯಾಜ್ಯಗಳನ್ನು ಖಾಜಿಯೂ ಉಳಿದುವನ್ನು ಮಂತ್ರಿಗಳ ಸಭೆಯೂ ತೀರ್ಮಾನಿಸುತ್ತಿದ್ದರು. ಸುಲ್ತಾನನ ಅಭಿಪ್ರಾಯ ಬೇಕಾದರೆ ಕಾಗದದಲ್ಲಿ ಬರೆದು ಕಳುಹಿಸುವರು. ಅವನು ಅದೇ ಕಾಗದದ ಹಿಂಬದಿಯಲ್ಲಿ ಉತ್ತರ ಬರೆದು ಒಡನೆಯೇ ಹಿಂದಕ್ಕೆ ಕಳುಹಿಸುವನು. ಆ ಊರಿನಲ್ಲಿ ನೇಯ್ದ ಬಟ್ಟೆ ಈಜಿಪ್ಟಿನವರೆಗೂ ಮಾರಾಟಕ್ಕೆ ಹೋಗುತ್ತಿದ್ದಿತು. ಹದಿನೈದನೆಯ ಶತಮಾನದ ಆದಿಯಲ್ಲಿ ಚೀನದ ನೌಕಾಪತಿ ಝೆಂಗ್ ಹೆಯ ಹಡಗುಗಳೂ ಈ ಬಂದರಿಗೆ ಬಂದವು.

ಉತ್ತರದ ಕಥೆ ಯುದ್ಧದ ಕಥೆ. ಹದಿಮೂರನೆಯ ಶತಮಾನದಲ್ಲಿ ವಲಶ್ಮ ಮನೆತನದವರು ಇಫಾತ್ ರಾಜ್ಯವನ್ನು ಕಟ್ಟಿದರು. ಅದು ಅಳಿದ ಮೇಲೆ ಅದೇ ಮನೆತನದವರು ಅದಲ್ ರಾಜ್ಯವನ್ನು ನಿಲ್ಲಿಸಿದರು. ಇವುಗಳಲ್ಲಿ ಸೋಮಾಲಿಗಳಲ್ಲದೆ ಅಫಾರ್, ಹರಾರಿ ಮೊದಲಾದ ಜನರೂ ಇದ್ದರು. ಇಥಿಯೋಪಿಯದ ಕ್ರೈಸ್ತ ಚಕ್ರವರ್ತಿಗಳೊಡನೆ ಇವರಿಗೆ ತಲೆಮಾರುಗಳ ಹಗೆ. ಸೋಮಾಲಿ ಎಂಬ ಹೆಸರು ಬರವಣಿಗೆಯಲ್ಲಿ ಮೊದಲು ಕಾಣಿಸುವುದೂ 1414ರಿಂದ 1429ರವರೆಗೆ ಆಳಿದ ಚಕ್ರವರ್ತಿ ಯೆಶಾಕನ ವಿಜಯವನ್ನು ಹೊಗಳುವ ಹಾಡಿನಲ್ಲಿ. 1529ರಲ್ಲಿ ಅದಲ್‌ನ ಇಮಾಮ್ ಅಹ್ಮದನು ಶಿಂಬ್ರ ಕುರೆ ಎಂಬಲ್ಲಿ ಚಕ್ರವರ್ತಿಯ ಸೈನ್ಯವನ್ನು ಸೋಲಿಸಿದನು. ಸೋಮಾಲಿಗಳು ಇವನನ್ನು ಗುರೇ, ಅಂದರೆ ಎಡಗೈಯವನು, ಎಂದು ಕರೆಯುತ್ತಾರೆ. ಮುಂದಿನ ವರ್ಷಗಳಲ್ಲಿ ಅನೇಕ ಇಗರ್ಜಿಗಳು ಸುಟ್ಟುಹೋದವು. ಚಕ್ರವರ್ತಿಯ ನೆರವಿಗೆ ಪೋರ್ಚುಗೀಸರು ಬಂದೂಕುಗಳೊಡನೆ ಬಂದರು. ಅವರ ದಳಪತಿ ಕ್ರಿಸ್ತೊವಾವೊ ದ ಗಾಮನು ನಮ್ಮ ಕಲ್ಲಿಕೋಟೆಗೆ ಬಂದ ವಾಸ್ಕೊ ದ ಗಾಮನ ಮಗ. ಅವನನ್ನು 1542ರಲ್ಲಿ ಸೆರೆಹಿಡಿದು ಕೊಂದರು. ಮರುವರ್ಷ ಅಹ್ಮದನೂ ರಣದಲ್ಲಿ ಮಡಿದನು. ಗೆದ್ದವರಾರು? ಎರಡು ಕಡೆಯವರೂ ಬಡವಾದರು ಎಂಬುದೇ ಇದಕ್ಕೆ ಸರಿಯಾದ ಉತ್ತರ.

ದಕ್ಷಿಣದ ನದಿಗಳ ನಡುವೆ ಅಜುರಾನ್ ಎಂಬ ಇನ್ನೊಂದು ರಾಜ್ಯ ಬೆಳೆಯಿತು. ಅದರ ಕಥೆಯನ್ನು ಬಹುಮಟ್ಟಿಗೆ ಜನರ ಬಾಯಿಯಿಂದಲೇ ಸಂಗ್ರಹಿಸಬೇಕಾಗಿದೆ. ಬಾವಿಗಳನ್ನು ತೋಡಿಸಿ, ಕಲ್ಲು ಕಟ್ಟಿಸಿ, ಅವುಗಳ ಮೇಲೆ ಹಿಡಿತ ಸಾಧಿಸಿ, ಬೆಳೆ ಮತ್ತು ದನಗಳ ಮೇಲೆ ತೆರಿಗೆ ಎತ್ತಿದ ರಾಜ್ಯವದು. ನೀರು ಯಾರ ಕೈಯಲ್ಲಿದ್ದಿತೋ ನಾಡು ಅವರದಾಗಿದ್ದಿತು. ಆದರೆ ಕಾಲಕ್ರಮದಲ್ಲಿ ಒಡೆಯರ ದರ್ಪ ಹೆಚ್ಚಿತು. ಹಗಲು ತಮ್ಮ ಕಡೆಯವರ ದನಗಳಿಗೆ ಮಾತ್ರ ನೀರು, ಉಳಿದವರು ರಾತ್ರಿಯಲ್ಲಿ ಬಂದು ಕುಡಿಸಿಕೊಳ್ಳಲಿ ಎಂದು ಅವರು ಕಟ್ಟಪ್ಪಣೆ ಮಾಡಿದರೆಂದೂ, ಅದರಿಂದ ದಂಗೆ ಎದ್ದಿತೆಂದೂ ಜನರು ಇಂದಿಗೂ ಹೇಳುತ್ತಾರೆ. ಹದಿನೇಳನೆಯ ಶತಮಾನದ ಕೊನೆಯ ವೇಳೆಗೆ ಆ ರಾಜ್ಯ ಒಡೆದು ಚೂರಾಯಿತು. ಬಾವಿಯ ಬಲದಿಂದ ಎದ್ದುದು ಬಾವಿಯ ಕಟ್ಟೆಯಲ್ಲಿ ಮಾಡಿದ ಅನ್ಯಾಯದಿಂದಲೇ ಬಿದ್ದಿತು.

ಇನ್ನು ಬಯಲಿನ ದನಗಾಹಿಗಳಿಗೆ ಅರಸನೇ ಇರಲಿಲ್ಲ. ಆದರೆ ಕಟ್ಟಳೆ ಇಲ್ಲದಿರಲಿಲ್ಲ. ಹೇರ್ ಎಂಬ ಸಂಪ್ರದಾಯದ ನ್ಯಾಯ, ಶಿರ್ ಎಂಬ ಹಿರಿಯರ ಸಭೆ ಅವರನ್ನು ನಡೆಸಿದುವು. ಕೊಲೆ ನಡೆದರೆ ಕೊಂದವನೊಬ್ಬನೇ ಅಲ್ಲ, ಅವನ ದಾಯಾದಿಗಳೆಲ್ಲ ಸೇರಿ ದಂಡ ತೆರಬೇಕು; ಒಬ್ಬ ಗಂಡಸಿನ ಪ್ರಾಣಕ್ಕೆ ನೂರು ಒಂಟೆ ಎಂಬುದು ವಾಡಿಕೆಯ ಲೆಕ್ಕ. ನಮ್ಮ ಹಳ್ಳಿಗಳಿಗೆ ಹೆಳವರು ಬಂದು ಮನೆತನದ ಪೀಳಿಗೆಗಳನ್ನು ಹೇಳುವುದುಂಟಷ್ಟೆ. ಅಲ್ಲಿ ಮಕ್ಕಳೇ ತಮ್ಮ ಪೂರ್ವಜರ ಹೆಸರುಗಳನ್ನು ತಲೆಮಾರುಗಟ್ಟಲೆ ಬಾಯಿಪಾಠ ಮಾಡುತ್ತಾರೆ. ಕಾವ್ಯವೂ ಹಾಗೆಯೇ ಬಾಯಲ್ಲಿ ಉಳಿಯಿತು. ಹಗೆ ಸಾರಲು ಒಂದು ಪದ್ಯ, ಸಂಧಿ ಮಾಡಿಕೊಳ್ಳಲು ಇನ್ನೊಂದು ಪದ್ಯ. ಆ ಭಾಷೆಗೆ ಅಧಿಕೃತವಾಗಿ ಲಿಪಿ ನಿಗದಿಯಾದುದು 1972ರಲ್ಲಿ ಎಂದರೆ, ಅದುವರೆಗೆ ನೆನಪೊಂದೇ ಅವರ ಗ್ರಂಥಭಂಡಾರವಾಗಿದ್ದಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ನೆಲ ಹರಿದು ಹಂಚಿಹೋಯಿತು. ಬ್ರಿಟನ್, ಇಟಲಿ, ಫ್ರಾನ್ಸ್, ಇಥಿಯೋಪಿಯ ಒಂದೊಂದು ಪಾಲನ್ನು ಹಿಡಿದುವು. ಇನ್ನೊಂದು ಪಾಲು ಬ್ರಿಟಿಷರ ಕೀನ್ಯಕ್ಕೆ ಸೇರಿತು. ಬ್ರಿಟಿಷರ ಪಾಲಿನ ಆಡಳಿತ 1898ರವರೆಗೆ ಭಾರತ ಸರಕಾರದ ಕೈಕೆಳಗೆ ಇದ್ದಿತೆಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿಯದ ಸಂಗತಿ. 1960ರಲ್ಲಿ ಬ್ರಿಟನ್ ಮತ್ತು ಇಟಲಿಯ ಪಾಲುಗಳು ಒಂದಾಗಿ ಸ್ವತಂತ್ರ ದೇಶವಾಯಿತು. ಅದರ ಧ್ವಜದ ನಕ್ಷತ್ರದ ಐದು ಮೊನೆಗಳು ಆ ಐದು ಪಾಲುಗಳ ಗುರುತು. 1969ರಲ್ಲಿ ಸೈನ್ಯಾಧಿಕಾರಿ ಸಿಯಾದ್ ಬರ್ರೆ ಅಧಿಕಾರವನ್ನು ಕಸಿದುಕೊಂಡನು. ಕುಲಭೇದವನ್ನು ಹೂಳುತ್ತೇನೆಂದು ಸಾರಿದ ಅವನೇ ಕುಲವನ್ನು ಕುಲದ ಮೇಲೆ ಎತ್ತಿಕಟ್ಟಿದನು. 1991ರ ಜನವರಿಯಲ್ಲಿ ಅವನು ಓಡಿಹೋದಾಗ ಸರಕಾರವೇ ಇಲ್ಲವಾಯಿತು. ಆಯುಧಧಾರಿಗಳು ಧಾನ್ಯವನ್ನು ದೋಚಿದರು, ಬರವೂ ಕೂಡಿಕೊಂಡಿತು. 1992ರ ಹಸಿವು ಹುಟ್ಟಿದುದು ಹೀಗೆ. ಮಳೆ ತಪ್ಪಿದ್ದು ಕಾರಣಗಳಲ್ಲೊಂದು ಮಾತ್ರ.

ಇಲ್ಲಿ ನಾವು ನೀವೆಲ್ಲರೂ ಒಂದು ಕ್ಷಣ ನಿಂತು ಯೋಚಿಸಬೇಕು. ಒಂದೇ ಭಾಷೆ, ಒಂದೇ ಧರ್ಮ, ಒಂದೇ ಮೂಲದ ನಂಬಿಕೆ ಇದ್ದ ಜನರೂ ಒಡೆದುಹೋದರು. ಏಕತೆಗೆ ಇವಿಷ್ಟೇ ಸಾಲವು ಎಂದಾಯಿತು. ವಂಶಾವಳಿಯನ್ನು ನೆನೆಯುವುದು ತಪ್ಪಲ್ಲ. ಹಿರಿಯರ ಹೆಸರನ್ನು ಮರೆಯದಿರುವುದು ಒಳ್ಳೆಯದೇ. ಆದರೆ ಆ ಲೆಕ್ಕವು ಬಾವಿಯ ಕಟ್ಟೆಗೆ, ನ್ಯಾಯದ ಪೀಠಕ್ಕೆ, ಅನ್ನದ ಮನೆಗೆ ಬಂದಾಗ ವಿಷವಾಗುತ್ತದೆ. ಒಳಪಂಗಡಗಳ ಲೆಕ್ಕದಲ್ಲಿ ನಂಟಸ್ತಿಕೆಯನ್ನೂ ಮತವನ್ನೂ ತೂಗುವ ನಮ್ಮ ಮನೆಗಳಿಗೆ ಈ ಪಾಠ ದೂರದ್ದಲ್ಲ. ಅದೇ ಸೋಮಾಲಿಗಳು 1991ರ ಬಳಿಕ ಉತ್ತರ ಭಾಗದಲ್ಲಿ ತಿಂಗಳುಗಟ್ಟಲೆ ಹಿರಿಯರ ಸಭೆಗಳನ್ನು ಕೂಡಿಸಿ ಕುಲಕುಲಗಳ ನಡುವೆ ಸಂಧಿ ಮಾಡಿಸಿದರೆಂಬುದನ್ನೂ ಹೇಳಲೇಬೇಕು. ಒಡೆದುದನ್ನು ಕೂಡಿಸುವ ವಿದ್ಯೆಯೂ ಅವರ ಹಳೆಯ ಕಟ್ಟಳೆಯಲ್ಲಿಯೇ ಇದ್ದಿತು.

ಹಡಗಿಗೆ ಎದುರಾಗಿ ಊಟದ ತಟ್ಟೆ ಒಯ್ಯುತ್ತಿದ್ದವರ ವಂಶದವರು ಇಂದು ಹಲವು ದೇಶಗಳಲ್ಲಿ ನಿರಾಶ್ರಿತರು. ಓದುವುದಕ್ಕಾಗಿ ನಮ್ಮ ದೇಶದ ನಗರಗಳಿಗೆ ಬರುವ ಸೋಮಾಲಿ ತರುಣರೂ ಇದ್ದಾರೆ. ಅಂಥವನೊಬ್ಬ ಬಾಡಿಗೆಯ ಕೋಣೆ ಕೇಳಿಕೊಂಡು ಬಾಗಿಲಿಗೆ ಬಂದಾಗ ನಮಗೆ ಕಡಲುಗಳ್ಳನ ಸುದ್ದಿ ನೆನಪಾಗಬೇಕೆ, ಹತ್ತು ವೀಳೆಯದೆಲೆ ನೆನಪಾಗಬೇಕೆ?

ಆ ಬಾಲಕನಿಗೆ ಅಂದು ನಾವು ಇಷ್ಟನ್ನೇ ಹೇಳಿದೆವು: "ಇಲ್ಲಪ್ಪ, ಯಾವಾಗಲೂ ಉಪವಾಸ ಇರಲಿಲ್ಲ. ಒಂದು ಕಾಲಕ್ಕೆ ಅವರು ಬಂದವರಿಗೆಲ್ಲ ಉಣಬಡಿಸಿದವರು." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಈಗ ಅವರಿಗೆ ಯಾರು ಉಣಬಡಸ್ತಾರ್ರಿ?" ಎಂದನು. ಅಜ್ಜಿ ನಮ್ಮ ಮುಖ ನೋಡಿದರು. ಆ ಪ್ರಶ್ನೆಯನ್ನು ನಿಮ್ಮ ಮನೆಗಳಿಗೂ ತಲುಪಿಸಿ ಈ ತಿಂಗಳ ಮಾತನ್ನು ಮುಗಿಸುತ್ತೇವೆ.