ನೈಸ್ ಶಬ್ದವೂ ಅದರ ಕಾವಲುಗಾರರೂ

ಇಂಗ್ಲಿಷು ಕಲಿತ ಮನೆಗಳಲ್ಲಿ ಒಂದು ವಿಚಿತ್ರವಾದ ಶಾಸನವು ನಡೆದುಬರುತ್ತಿದೆ. ಅಡುಗೆಮನೆಯಿಂದ ‘ಕಾಯನ್ನು ನೈಸಾಗಿ ರುಬ್ಬು’ ಎಂಬ ಮಾತು ಕೇಳಿಬಂದೊಡನೆ ಹಜಾರದಲ್ಲಿ ಕುಳಿತ ವಿದ್ಯಾವಂತನು ನಕ್ಕು, ನೈಸ್ ಎಂದರೆ ಚೆನ್ನು, ನುಣುಪಲ್ಲ ಎಂದು ತಿದ್ದುವನು. ಅವನಿಗಿಂತಲೂ ಒಂದು ಮೆಟ್ಟಿಲು ಮೇಲೇರಿದವನು, ಚೆನ್ನೆಂಬುದೂ ಅಪಭ್ರಷ್ಟವಾದ ಅರ್ಥ, ಸೂಕ್ಷ್ಮವೆಂಬುದೇ ನಿಜವಾದುದು ಎನ್ನುವನು. ಈ ಮಹನೀಯರಿಬ್ಬರೂ ಯಾವ ಪ್ರಮಾಣವನ್ನು ಹಿಡಿದು ತೀರ್ಪು ಕೊಡುತ್ತಿರುವರೆಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ.

ಶಬ್ದದ ಮೂಲವೇ ಪ್ರಮಾಣವೆಂದರೆ ಇಬ್ಬರಿಗೂ ಸೋಲು. ಅದು ಲ್ಯಾಟಿನ್ನಿನ ನೆಸ್ಕಿಯಸ್ ಎಂಬುದರಿಂದ ಹುಟ್ಟಿದ್ದು. ಏನೂ ತಿಳಿಯದವನೆಂದು ಅದರ ಅರ್ಥ. ಹಳೆಯ ಫ್ರೆಂಚಿನ ಮೂಲಕ ಇಂಗ್ಲೆಂಡಿಗೆ ಬಂದಾಗಲೂ ಅದು ಮೂಢನನ್ನೇ ಸೂಚಿಸುತ್ತಿತ್ತು. 14ನೆಯ ಶತಮಾನದ ಚಾಸರ್ ಕವಿಯಲ್ಲಿಯೂ ಆ ಅರ್ಥವುಂಟು. ಮುಂದೆ ಸ್ವೇಚ್ಛಾಚಾರಿ, ಸಂಕೋಚಪಡುವವನು, ಅತಿಮಡಿಯವನು, ಸೂಕ್ಷ್ಮವಾದುದು ಎಂದು ಮಗ್ಗುಲು ಬದಲಿಸುತ್ತ, 18ನೆಯ ಶತಮಾನದಲ್ಲಿ ಹಿತವಾದುದು ಎಂಬಲ್ಲಿಗೆ ಬಂದಿತು. ಮೂಲಾರ್ಥಕ್ಕೇ ಅಂಟಿಕೊಳ್ಳತಕ್ಕದ್ದೆನ್ನುವವನು ತನ್ನನ್ನು ನೈಸ್ ಎಂದು ಹೊಗಳಿದ ಮಿತ್ರನ ಮೇಲೆ ಮೊದಲು ಮಾನನಷ್ಟದ ದಾವೆ ಹೂಡಲಿ!

ಈ ತಿದ್ದುವ ಚಾಪಲ್ಯವು ಇಂಗ್ಲಿಷರಲ್ಲಿಯೂ ಹಳೆಯದೇ. ಜೇನ್ ಆಸ್ಟೆನ್ ತೀರಿಕೊಂಡ 1817ರ ಕೊನೆಯಲ್ಲಿ ಹೊರಬಿದ್ದ ‘ನಾರ್ಥ್ಯಾಂಗರ್ ಅಬೆ’ ಕಾದಂಬರಿಯಲ್ಲಿ ಕ್ಯಾಥರೀನ್ ಎಂಬ ಹುಡುಗಿಯು ತನ್ನ ಮೆಚ್ಚಿನ ಪುಸ್ತಕವನ್ನು ನೈಸ್ ಎನ್ನುತ್ತಾಳೆ. ಹೆನ್ರಿ ಟಿಲ್ನಿ ಬಿಡುವನೆ? ಹಿಂದೆ ಅಚ್ಚುಕಟ್ಟು, ನಾಜೂಕುಗಳಿಗಷ್ಟೇ ಸಲ್ಲುತ್ತಿದ್ದ ಶಬ್ದವು ಈಗ ಸಕಲ ಹೊಗಳಿಕೆಗೂ ಒದಗುತ್ತಿದೆಯೆಂದು ಪರಿಹಾಸ್ಯ ಮಾಡುತ್ತಾನೆ. ಅವನು ಮೊದಲಿನದೆಂದು ಹಿಡಿದ ಅರ್ಥವಾದರೂ ನಡುದಾರಿಯ ಒಂದು ಛತ್ರ ಮಾತ್ರ! ಅವನ ತಂಗಿಯು ಅದೇ ಶಬ್ದವನ್ನು ಅತಿಮಡಿಯೆಂಬ ಅರ್ಥದಲ್ಲಿ ಅವನಿಗೇ ತಿರುಗಿಸಿ ಬಾಯಿ ಮುಚ್ಚಿಸುವುದು ಆ ಪ್ರಸಂಗದ ಸ್ವಾರಸ್ಯ.

ಶತಮಾನ ಕಳೆದರೂ ಗೀಳು ಹೋಗಲಿಲ್ಲ. 1926ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಪ್ರಯೋಗಕೋಶದಲ್ಲಿ ಫೌಲರನು ಈ ಶಬ್ದವು ಸಪ್ಪೆಯಾದುದರ ಹೊಣೆಯನ್ನು ಹೆಂಗಸರ ಮೇಲೆ ಹೊರಿಸಿದನು. ಮಾತು ಕೆಟ್ಟಿತೆನಿಸಿದಾಗಲೆಲ್ಲ ಹೆಂಗಸರನ್ನು ಕಟಕಟೆಗೆ ಎಳೆದುತರುವ ಈ ನ್ಯಾಯವು ಕಡಲು ದಾಟಿ ಕನ್ನಡನಾಡಿನ ಹಜಾರಕ್ಕೂ ಬಂದಿದೆ. ಹತ್ತುಸಲ ತಿದ್ದಿಸಿಕೊಂಡ ಗೃಹಿಣಿಯು ಹನ್ನೊಂದನೆಯ ಸಲ ಬಂದವರೆದುರು ಬಾಯಿಬಿಡಲು ಹಿಂಜರಿಯುವಳು. ನಷ್ಟವು ಶಬ್ದಕ್ಕಲ್ಲ, ಆ ಮನೆಗೆ.

ಕಾವ್ಯವೊಂದನ್ನು ಓದಿ ನೈಸ್ ಎಂದಷ್ಟೇ ಹೇಳಿ ಏಳುವವನ ಸೋಮಾರಿತನಕ್ಕೆ ಕ್ಷಮೆಯಿಲ್ಲ, ನಿಜ. ಆದರೆ ರುಬ್ಬುವವಳ ಮಾತು ಸೋಮಾರಿತನದ್ದಲ್ಲ. ತರಿಯಿಲ್ಲದಂತೆ ಎಂಬ ಖಚಿತವಾದ ಅರ್ಥ ಅದಕ್ಕುಂಟು. ಒಂದರ್ಥದಲ್ಲಿ ಹಜಾರದ ‘ಚೆನ್ನು’ ಎಂಬುದಕ್ಕಿಂತ ಅದೇ ನಿಷ್ಕೃಷ್ಟ. ನಯ, ನಯವಾಗಿ ಎಂಬ ನುಡಿಗಳಿಗೆ ಒಗ್ಗಿದ ಕನ್ನಡದ ಕಿವಿಗೆ ನೈಸ್ ಎಂಬುದು ಪರಕೀಯವೆನಿಸದಿದ್ದರೆ ಆಶ್ಚರ್ಯವೇನು? ಕೆಲಸ ಸಾಧಿಸಲು ಪೂಸಿಹೊಡೆಯುವುದು ‘ನೈಸ್ ಮಾಡುವುದು’. ಸಾಲಗಾರನು ಹಿತ್ತಲಬಾಗಿಲಿಂದ ‘ನೈಸಾಗಿ’ ಜಾರಿಕೊಳ್ಳುವನು. ಇವುಗಳನ್ನು ಇಂಗ್ಲಿಷಿನ ಕೋಶವನ್ನು ಹಿಡಿದು ತಿದ್ದಹೊರಡುವುದು ನೆರೆಮನೆಯ ಕೂಸಿನ ಜಾತಕ ನೋಡಿ ಈ ಮನೆಯ ಕೂಸಿಗೆ ಹೆಸರಿಟ್ಟಂತೆ. ಆ ಕೋಶವು ಈ ಅರ್ಥಗಳನ್ನು ಅರಿಯದು, ಅರಿಯಬೇಕಾದುದೂ ಇಲ್ಲ. ಅವುಗಳಿಗೆ ಸ್ಥಳ ಕೊಡಬೇಕಾದುದು ಕನ್ನಡದ ಕೋಶ.